ಕಾರವಾರಕ್ಕೆ ಹೊರಡುವ ಮೊದಲು ಕಡಲಿನ ಇಳಿತದ ಹೊತ್ತು ಕೇಳಿ

ಶಿರಸಿಯಿಂದ ತಡವಾಗಿ ಹೊರಟದ್ದು ನಮ್ಮ ಮೊದಲ ತಪ್ಪು. ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಚಾ ಕುಡಿದು, ಕಾರವಾರ ಮುಟ್ಟುವಾಗ ಸುಡುಮಧ್ಯಾಹ್ನ. ಟಾಗೋರ್ ಕಡಲತೀರದ ಮರಳು ಕಾದ ಕಾವಲಿಯಂತಿತ್ತು. ಚಪ್ಪಲಿ ಕಳಚಿದ ತಂಗಿಯ ಮಗ ಕುಣಿಯುತ್ತಲೇ ಗಾಳಿಮರದ ನೆರಳಿಗೆ ಓಡಿದ. ಆ ಹೊತ್ತಿನಲ್ಲಿ ತೆರೆದಿದ್ದರೆ ಪಕ್ಕದ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯ ನೋಡಬಹುದು, ಮಕ್ಕಳಿಗೆ ಖುಷಿ. ತೀರಕ್ಕೆ ಮಾತ್ರ ಸಂಜೆಯೇ ಸರಿ.

ನಮಗೆ ಆಸೆಯಿದ್ದದ್ದು ತಿಳಮಾತಿ ಎಂಬ ಪುಟ್ಟ ಕಡಲತೀರದ ಮೇಲೆ. ಕೊಂಕಣಿಯಲ್ಲಿ ತೀಳ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಹೆಸರಿಗೆ ತಕ್ಕಂತೆ ಮರಳು ಕರಿ ಎಳ್ಳು ಚೆಲ್ಲಿದ ಹಾಗಿರುತ್ತದೆ. ಕಾಳಿ ನದಿಯ ಸೇತುವೆ ದಾಟಿ, ಸದಾಶಿವಗಡದ ಮೇಲಿಂದ ಗೋವಾ ಗಡಿಯತ್ತ ಮಾಜಾಳಿಗೆ ಹೋಗಬೇಕು. (ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಕುಸಿದು ಬಿತ್ತಲ್ಲ, ಅದರ ಪಕ್ಕದ ಹೊಸದರ ಮೇಲೆ ಹೋಗುವಾಗಲೂ ಅಮ್ಮ ಕಣ್ಣು ಮುಚ್ಚಿದ್ದರು.) ಮಾಜಾಳಿಯಲ್ಲಿ ಗಾಡಿ ಬಿಟ್ಟು ಸಣ್ಣ ಗುಡ್ಡ ಹತ್ತಿ ಇಳಿಯಬೇಕು. ದಾರಿ ಕಲ್ಲು ಕಲ್ಲು, ಮಂಡಿನೋವಿನವರಿಗೆ ಬೇಡ.

ನಾವು ಹೋದಾಗ ಕಡಲಿನ ಭರತ ಏರುತ್ತಿತ್ತು. ದಂಡೆಯೇ ಚಿಕ್ಕದು, ಅದರಲ್ಲಿ ನಮಗೆ ಸಿಕ್ಕಿದ್ದು ಒಂದು ಪಟ್ಟಿಯಷ್ಟು ಕರಿ ಮರಳು. ಬಲೆ ಬಿಡಿಸುತ್ತಿದ್ದ ಅಜ್ಜ ಒಬ್ಬರು ನಕ್ಕರು: "ನೀರು ಇಳಿಯೂ ಹೊತ್ತಿಗೆ ಬರ್ಬೇಕ್ರಾ, ಈಗೇನ್ ನೋಡ್ತ್ರಿ?" ಇಳಿತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತದೆ. ಹಾಗಾಗಿ ಕಳೆದ ವಾರ ಹೋಗಿಬಂದವರ ಮಾತು ನಂಬಬೇಡಿ, ಹಿಂದಿನ ದಿನ ಮೀನುಗಾರರನ್ನೇ ಕೇಳಿ. ನಾವು ಮರುದಿನ ಬೆಳಿಗ್ಗೆ ಮತ್ತೆ ಹೋದೆವು. ಒದ್ದೆ ಮರಳು ಬಿಸಿಲಿಗೆ ಮಿಂಚುತ್ತಿತ್ತು, ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಂಗಡಿಯೂ ಕಾಣಲಿಲ್ಲ, ಕುಡಿಯುವ ನೀರು ಕಟ್ಟಿಕೊಂಡೇ ಹೋಗಿ.

ಊಟಕ್ಕೆ ಬಂಗಡೆ, ತಿಸ್ರೆ ಚಿಪ್ಪಿ, ಮೇಲೊಂದು ಲೋಟ ಮುರುಗಲು-ತೆಂಗಿನಹಾಲಿನ ಸೋಲಕಡಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಒಳ್ಳೆಯ ಮೀನಿನ ಆಸೆ ಇಟ್ಟುಕೊಳ್ಳಬೇಡಿ. ಮಳೆಗಾಲದ ಪ್ರವಾಸವನ್ನೇ ನಾನು ಒಪ್ಪುವುದಿಲ್ಲ. 2024ರ ಜುಲೈನಲ್ಲಿ ಅಂಕೋಲೆ ಹತ್ತಿರದ ಶಿರೂರಿನ ಗುಡ್ಡ ಹೆದ್ದಾರಿಗೆ ಬಿದ್ದದ್ದನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ನವೆಂಬರ್‌ನಿಂದ ಫೆಬ್ರವರಿ ಚೆಂದ. ಮೇ ತಿಂಗಳಲ್ಲಿ ಸೆಕೆ ತಡೆದುಕೊಳ್ಳುವ ಶಕ್ತಿ ಇದ್ದರೆ ಅಂಕೋಲೆಯಲ್ಲಿ ಕರಿ ಇಶಾಡ ಮಾವು ಸಿಗುತ್ತದೆ.

ಕೊನೆಯ ಸಂಜೆ ಟಾಗೋರ್ ತೀರಕ್ಕೆ ಮರಳಿದೆವು. 1880ರ ದಶಕದಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ತರುಣ ರವೀಂದ್ರನಾಥ ಟಾಗೋರರು ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ವಿಹಾರ ಮಾಡಿ, ನದಿ ಕಡಲು ಸೇರುವ ಅಳಿವೆಯಲ್ಲಿ ಇಳಿದು ಮರಳ ಮೇಲೆ ನಡೆದೇ ಮನೆಗೆ ಬಂದಿದ್ದರಂತೆ. ನಾವೂ ಅಳಿವೆಯ ದಿಕ್ಕಿಗೆ ನಡೆದೆವು. ಅರ್ಧ ದಾರಿಗೆ ಅಮ್ಮನ ಕಾಲು ಸೋತಿತು. ಅಲ್ಲೇ ಮರಳ ಮೇಲೆ ಕೂತು, ಉಳಿದಿದ್ದ ಚಕ್ಕುಲಿ ಮುಗಿಸಿದೆವು.