ಗೊತ್ತಿರುವ ಪದಗಳೇ ಹೆದರಿಸಿದ ಸಂಜೆ

ಚಿಕ್ಕಪ್ಪನ ಹೊಟ್ಟೆಯ ಸ್ಕ್ಯಾನ್ ರಿಪೋರ್ಟ್ ಸಂಜೆ ಮೊಬೈಲಿಗೆ ಬಂತು. ಡಾಕ್ಟರನ್ನು ಕಾಣುವುದು ಮರುದಿನ ಬೆಳಿಗ್ಗೆ. ನಾನು ಅವರ ಮನೆ ತಲುಪುವಷ್ಟರಲ್ಲಿ ಮಗಳು ಅದನ್ನು ಜೋರಾಗಿ ಓದಿ ಮುಗಿಸಿದ್ದಳು, ಚಿಕ್ಕಮ್ಮ ಅಳು ತಡೆದುಕೊಂಡು ಕೂತಿದ್ದರು. ವೈದ್ಯಕೀಯ ಬರಹಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಹಾಗಾಗಿ ನೆಂಟರಲ್ಲಿ ಯಾರ ರಿಪೋರ್ಟ್ ಬಂದರೂ ನನಗೊಂದು ಫೋನ್ ಬರುತ್ತದೆ.

"ಯಾವ ಮಾತು ಓದಿ ಗಾಬರಿಯಾಯ್ತು, ತೋರಿಸು" ಅಂದೆ. ಪ್ಯಾಂಕ್ರಿಯಾಸ್, ಎಕೋಜೆನಿಸಿಟಿ ಮುಂತಾದ ಕಡೆ ಅವಳ ಬೆರಳು ನಿಲ್ಲಲೇ ಇಲ್ಲ. ಅವನ್ನೆಲ್ಲ ಆಗಲೇ ಮೊಬೈಲಿನಲ್ಲಿ ಹುಡುಕಿ ತಿಳಿದುಕೊಂಡಿದ್ದಳು. ಬೆರಳು ನಿಂತದ್ದು ಒಂದು ಸಾದಾ ಪದದ ಮೇಲೆ.

"ಕರುಳು ಗ್ರಾಸ್ಲಿ ಅನ್‌ರಿಮಾರ್ಕಬಲ್ ಅಂತ ಬರೆದಿದ್ದಾರೆ. ಗ್ರಾಸ್ ಅಂದ್ರೆ ಅಸಹ್ಯ ಅಲ್ವಾ ಅಣ್ಣ?"

ಮಾತಿನಲ್ಲಿ ಹೌದು. ರಿಪೋರ್ಟಿನಲ್ಲಿ ಅಲ್ಲ. ಸೂಕ್ಷ್ಮದರ್ಶಕವಿಲ್ಲದೆ ಕಣ್ಣಿಗೆ ಕಾಣುವಷ್ಟನ್ನು ವೈದ್ಯರು ಗ್ರಾಸ್ ಅನ್ನುತ್ತಾರೆ. ಗ್ರಾಸ್ಲಿ ಎಂದರೆ ಒಟ್ಟಾರೆ ನೋಡಿದಾಗ, ಮೇಲ್ನೋಟಕ್ಕೆ. ಅನ್‌ರಿಮಾರ್ಕಬಲ್ ಎಂದರೆ ಎತ್ತಿ ಹೇಳುವಂಥದ್ದು ಏನೂ ಕಾಣಲಿಲ್ಲ ಎಂದು. ರೋಗಿಯೊಬ್ಬನಿಗೆ ಸ್ಕ್ಯಾನ್ ರಿಪೋರ್ಟಿನಲ್ಲಿ ಸಿಗಬಹುದಾದ ಒಳ್ಳೆಯ ಪದಗಳಲ್ಲಿ ಅದೂ ಒಂದು. ಚಿಕ್ಕಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. "ಹೇಳೋಕೆ ಏನೂ ಇಲ್ಲ ಅಂದ್ರೆ ಸರಿಯಾಗಿ ನೋಡಿಲ್ಲ ಅಂತಲೂ ಆಗಬಹುದಲ್ಲ?" ಎಂದರು. ನೋಡಿದ್ದಾರೆ, ನೋಡಿದ ಮೇಲೆಯೇ ಹಾಗೆ ಬರೆಯುವುದು ಎಂದು ಬಿಡಿಸಿ ಹೇಳಿದೆ.

ಅಷ್ಟು ಹೊತ್ತು ಸುಮ್ಮನಿದ್ದ ಚಿಕ್ಕಪ್ಪ ಆಗ ಬಾಯಿಬಿಟ್ಟರು. ಕೊನೆಯ ಸಾಲು ಅವರನ್ನು ಕೊರೆಯುತ್ತಿತ್ತು: ನೋ ಅಕ್ಯೂಟ್ ಅಬ್ನಾರ್ಮಾಲಿಟಿ.

"ಅಕ್ಯೂಟ್ ಅಂದ್ರೆ ತೀವ್ರ. ತೀವ್ರವಾದ್ದು ಇಲ್ಲ ಅಂತ ಬರೆದಿದ್ದಾರೆ ಅಂದ್ರೆ, ಸಣ್ಣಗೆ ಏನೋ ಶುರುವಾಗಿದೆ ಅಂತ ತಾನೇ?"

ಅವರ ತರ್ಕದಲ್ಲಿ ತಪ್ಪಿಲ್ಲ. ಪತ್ರಿಕೆಯಲ್ಲಿ ನೀರಿನ ಕೊರತೆಗೂ ಅಕ್ಯೂಟ್ ಅನ್ನುತ್ತಾರೆ, ನಿಘಂಟು ತೆರೆದರೂ ತೀವ್ರ ಎಂಬ ಅರ್ಥವೇ ಕಾಣುತ್ತದೆ. ಆದರೆ ಕಾಯಿಲೆಯ ಲೆಕ್ಕದಲ್ಲಿ ಆ ಪದ ಮುಖ್ಯವಾಗಿ ಕಾಲವನ್ನು ಹೇಳುತ್ತದೆ. ಥಟ್ಟನೆ ಬಂದದ್ದು ಅಕ್ಯೂಟ್, ಬಹಳ ಕಾಲ ಇರುವುದು ಕ್ರಾನಿಕ್. ಕ್ರಾನಿಕ್‌ನ ಮೂಲ ಗ್ರೀಕಿನ ಕ್ರೋನೋಸ್, ಅಂದರೆ ಕಾಲ. ಮೊನ್ನೆ ಹಿಡಿದು ನಾಳಿದ್ದು ಬಿಡುವ ನೆಗಡಿಯೂ ಅಕ್ಯೂಟ್ ಆಗಬಹುದು. ದಿನಕ್ಕೊಂದು ಮಾತ್ರೆಯಲ್ಲಿ ಹದ್ದುಬಸ್ತಿನಲ್ಲಿರುವ ಥೈರಾಯ್ಡ್ ಕೊರತೆ ಕ್ರಾನಿಕ್. ಆದರೆ ಕ್ರಾನಿಕ್ ಎಂದು ಕೇಳಿದೊಡನೆ ಇನ್ನು ಮುಗಿಯಿತು ಎಂದು ತಿಳಿಯುವವರೇ ಹೆಚ್ಚು. ಚಿಕ್ಕಪ್ಪನ ರಿಪೋರ್ಟಿನ ಆ ಸಾಲು ಹೇಳುತ್ತಿದ್ದದ್ದು ಇಷ್ಟೇ: ಅಪೆಂಡಿಕ್ಸ್ ಊದಿಕೊಂಡಂಥ, ಈಗಿಂದೀಗಲೇ ಕೈಹಾಕಬೇಕಾದ ಹೊಸ ತೊಂದರೆ ಕಾಣಲಿಲ್ಲ.

ಹೆದರಿಸುವ ಪದಗಳಿಗಿಂತ ನನಗೆ ಹೆಚ್ಚು ಕಳವಳವಾಗುವುದು ಸಮಾಧಾನ ಕೊಡುವ ಪದಗಳ ಬಗ್ಗೆ. ಪಾಸಿಟಿವ್ ಎಂದರೆ ಒಳ್ಳೆಯದು, ಪ್ರೋಗ್ರೆಸ್ ಎಂದರೆ ಮುನ್ನಡೆ ಎಂದು ಶಾಲೆಯಲ್ಲಿ ಕಲಿತವರು ನಾವು. ಗಡ್ಡೆ ಪ್ರೋಗ್ರೆಸ್ ಆಗುತ್ತಿದೆ ಎಂದರೆ ಅದು ಬೆಳೆಯುತ್ತಿದೆ. ದುಗ್ಧಗ್ರಂಥಿಗಳು, ಅಂದರೆ ಲಿಂಫ್ ನೋಡ್‌ಗಳು, ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲಿಗೂ ಹರಡಿದೆ. 2021ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ವಾರ್ಷಿಕ ಮೇಳದಲ್ಲಿ ಸಂಶೋಧಕರು 215 ಮಂದಿ ವಯಸ್ಕರಿಗೆ ಇಂಥ ಮಾತುಗಳನ್ನು ತೋರಿಸಿ ಅರ್ಥ ಕೇಳಿದರು. ಫಲಿತಾಂಶ ಮರುವರ್ಷ ಪ್ರಕಟವಾಯಿತು. ಗ್ರಂಥಿಗಳು ಪಾಸಿಟಿವ್ ಎಂದರೆ ಕ್ಯಾನ್ಸರ್ ಹರಡಿದೆ ಎಂದು ತಿಳಿದವರು ಶೇ 67. ನರಗಳ ಪರೀಕ್ಷೆ ಗ್ರಾಸ್ಲಿ ಇಂಟ್ಯಾಕ್ಟ್, ಅಂದರೆ ಒಟ್ಟಾರೆ ಸರಿಯಾಗಿದೆ, ಎಂಬುದು ಒಳ್ಳೆಯ ಸುದ್ದಿ ಎಂದು ತಿಳಿದವರು ಶೇ 41. ಎಕ್ಸ್‌ರೇ ಇಂಪ್ರೆಸಿವ್ ಆಗಿದೆ ಎಂದು ವೈದ್ಯರು ಹೇಳಿದರೆ ಅದು ಸಾಮಾನ್ಯವಾಗಿ ಕೆಟ್ಟದ್ದೇ ಎಂದು ಗ್ರಹಿಸಿದವರು ಶೇ 21 ಮಾತ್ರ. ಇದು ನಿತ್ಯ ಇಂಗ್ಲಿಷಿನಲ್ಲೇ ವ್ಯವಹರಿಸುವವರ ನಾಡಿನ ಕತೆ. ಹಾಗಿದ್ದಮೇಲೆ ಇಂಗ್ಲಿಷ್ ಸಾಲದ್ದಕ್ಕೆ ನಮಗೆ ಅರ್ಥವಾಗಲಿಲ್ಲ ಎಂದು ಯಾರೂ ಕುಗ್ಗಬೇಕಾಗಿಲ್ಲ. ಗೊತ್ತಿಲ್ಲದ ಪದವನ್ನಾದರೆ ನಾವು ಯಾರನ್ನಾದರೂ ಕೇಳುತ್ತೇವೆ. ಗೊತ್ತಿದೆ ಅಂದುಕೊಂಡ ಪದವನ್ನು ಯಾರೂ ಕೇಳುವುದಿಲ್ಲ.

ಮಾತು ಇಲ್ಲಿಗೆ ಬರುವ ಹೊತ್ತಿಗೆ ಚಿಕ್ಕಪ್ಪ ಎದ್ದು ಒಳಗೆ ಹೋದರು. ಅಂಚೆಲ್ಲ ಸವೆದ ಒಂದು ಫೈಲ್ ಹಿಡಿದು ಬಂದರು. ಯಾವತ್ತೋ ಮಾಡಿಸಿದ ಹೃದಯದ ಎಕೋ ರಿಪೋರ್ಟ್ ಅದರಲ್ಲಿತ್ತು. ಒಂದು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು: ಎಜೆಕ್ಷನ್ ಫ್ರ್ಯಾಕ್ಷನ್ 60%.

"ಇದನ್ನ ಯಾರಿಗೂ ತೋರಿಸಿರಲಿಲ್ಲ. ಹೃದಯ ಅರವತ್ತೇ ಪರ್ಸೆಂಟ್ ಕೆಲಸ ಮಾಡ್ತಿದೆ. ಉಳಿದ ನಲವತ್ತು ಹೋಗಿದೆ."

ಅವರು ಮಹಡಿ ಹತ್ತುವುದನ್ನು ಬಿಟ್ಟದ್ದು, ಪ್ರಯಾಣ ಅಂದರೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದದ್ದು, ಭಾರ ಎತ್ತುವಾಗ ಮಗಳನ್ನು ಕರೆಯುತ್ತಿದ್ದದ್ದು ಎಲ್ಲಕ್ಕೂ ಆಗ ಕಾರಣ ತಿಳಿಯಿತು. ವಯಸ್ಸಾಯ್ತು, ಸ್ವಲ್ಪ ಸೋಮಾರಿತನ ಅಂತ ಮನೆಯವರು ಅಂದುಕೊಂಡಿದ್ದರು. ಚಿಕ್ಕಮ್ಮ ಅವರ ಕೈಯಿಂದ ಆ ಹಾಳೆ ಕಿತ್ತುಕೊಂಡು, "ನನಗೂ ಹೇಳಲಿಲ್ಲವಲ್ರೀ" ಅಂದರು.

ನಾನು ಒಂದು ಕಾಗದದ ಮೇಲೆ ಹೃದಯದ ಎಡಭಾಗದ ಕೆಳಕೋಣೆಯ ಚಿತ್ರ ಬರೆದೆ. ಈ ಕೋಣೆಯಲ್ಲಿ 120 ಮಿಲಿಲೀಟರ್ ರಕ್ತ ತುಂಬಿದೆ ಅಂತಿಟ್ಟುಕೊಳ್ಳಿ ಚಿಕ್ಕಪ್ಪ, ಒಂದು ಬಡಿತಕ್ಕೆ ಅದರಲ್ಲಿ 72 ಮಿಲಿಲೀಟರ್ ಹೊರಗೆ ಹೋದರೆ ಅದೇ 60%. ಆರೋಗ್ಯವಾಗಿರುವ ಯಾವ ಹೃದಯವೂ ತುಂಬಿದ ರಕ್ತವನ್ನೆಲ್ಲ ಒಂದೇ ಬಡಿತಕ್ಕೆ ಖಾಲಿ ಮಾಡುವುದಿಲ್ಲ. 50ರಿಂದ 70ರ ಆಸುಪಾಸಿನಲ್ಲಿದ್ದರೆ ಸಾಮಾನ್ಯ. ಇಲ್ಲಿ ನೂರಕ್ಕೆ ನೂರು ಅನ್ನುವುದೇ ಇಲ್ಲ. ಅವರು ಪೆನ್ನು ತೆಗೆದುಕೊಂಡು 120ರಿಂದ 72 ಕಳೆದು 48 ಎಂದು ಬರೆದರು. "ಇದು ಒಳಗೇ ಉಳಿಯಬೇಕಾದದ್ದಾ?" ಎಂದು ಕೇಳಿದರು. ಹೌದು ಅಂದೆ. ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಹೌದು ಅಂದೆ.

ವೈದ್ಯರು ತಮ್ಮತಮ್ಮಲ್ಲಿ ತಮ್ಮ ಭಾಷೆಯಲ್ಲೇ ಬರೆದುಕೊಳ್ಳಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಸ್ಕ್ಯಾನ್ ರಿಪೋರ್ಟ್ ಒಬ್ಬ ವೈದ್ಯರು ಇನ್ನೊಬ್ಬರಿಗೆ ಬರೆಯುವ ಪತ್ರ. ಕೊನೆಯಲ್ಲಿ ಬರುವ ಕ್ಲಿನಿಕಲ್ ಕೊರಿಲೇಶನ್ ಎಂಬ ಸಲಹೆಯೂ ಚಿಕಿತ್ಸೆ ಕೊಡುವ ವೈದ್ಯರಿಗೇ: ಚಿತ್ರದಲ್ಲಿ ಕಂಡದ್ದನ್ನು ಎದುರಿಗಿರುವ ರೋಗಿಯ ಸ್ಥಿತಿಯೊಂದಿಗೆ ತಾಳೆ ನೋಡಿ ಎಂದು. ಆದರೆ ಈಗ ಆ ಪತ್ರ ಮೊದಲು ತಲುಪುವುದು ರೋಗಿಯ ಮೊಬೈಲಿಗೆ. ಹಾಗಿರುವಾಗ ರೋಗಿಗಾಗಿ, ರೋಗಿಯ ಭಾಷೆಯಲ್ಲಿ ಎರಡು ಸಾಲು ಸೇರಿಸುವುದು ಉಪಕಾರವಲ್ಲ, ಚಿಕಿತ್ಸೆಯದೇ ಭಾಗ. ಒಬ್ಬ ಮನುಷ್ಯ ತನ್ನ ಹೃದಯ ಅರ್ಧಂಬರ್ಧ ಸತ್ತಿದೆಯೆಂದು ನಂಬಿ ಇಷ್ಟು ವರ್ಷ ಬದುಕಿದ್ದನ್ನು ಕಂಡ ಮೇಲೆ ಇದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕೆನಿಸುತ್ತದೆ.

ಬೆಳಿಗ್ಗೆ ಎರಡೂ ರಿಪೋರ್ಟ್ ಒಯ್ದೆವು. ಹೊಟ್ಟೆಯ ಸ್ಕ್ಯಾನಿನಲ್ಲಿ ಕಿಡ್ನಿಯಲ್ಲಿ ಕಂಡ ನೀರುಗುಳ್ಳೆ ಸಾಧಾರಣದ್ದು, ಅದಕ್ಕೆ ಏನೂ ಮಾಡಬೇಕಾಗಿಲ್ಲ ಅಂದರು ಡಾಕ್ಟರ್. ಎಕೋ ಹಾಳೆಯನ್ನೂ ನೋಡಿ, ಬಿಪಿ ಪರೀಕ್ಷಿಸಿ, ನಡೆದಾಗ ಉಸಿರು ಕಟ್ಟುತ್ತದೆಯೇ, ಕಾಲು ಊದುತ್ತದೆಯೇ ಎಂದು ವಿಚಾರಿಸಿದರು. ಇಲ್ಲ ಅಂದರು ಚಿಕ್ಕಪ್ಪ. ಈ ಒಂದು ಅಂಕಿ ಚೆನ್ನಾಗಿದೆ ಅಂದಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ, ರಿಪೋರ್ಟ್ ಹಳೆಯದು, ಆದ್ದರಿಂದ ಇನ್ನೊಮ್ಮೆ ಎಕೋ ಮಾಡಿಸೋಣ ಎಂದು ಚೀಟಿ ಬರೆದುಕೊಟ್ಟರು. ಮೆಟ್ಟಿಲು ಹತ್ತಬಹುದೇ ಎಂದು ಚಿಕ್ಕಮ್ಮ ಕೇಳಿದ್ದಕ್ಕೆ, "ಧಾರಾಳವಾಗಿ ಹತ್ತಲಿ, ನಿಧಾನಕ್ಕೆ ಅಭ್ಯಾಸ ಮಾಡಿಕೊಳ್ಳಲಿ. ಎದೆನೋವೋ ಉಸಿರಾಟದ ತೊಂದರೆಯೋ ಕಂಡರೆ ತಕ್ಷಣ ಬನ್ನಿ" ಅಂದರು.