ಮನೆಮನೆಯ ಕಥೆ ಬೀದಿಯ ಗೋಡೆಗೇಕೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಶಾಲೆಯ ಕಾಂಪೌಂಡು, ಸಮುದಾಯ ಭವನ, ಬಸ್ ನಿಲ್ದಾಣದ ಹಿಂಬದಿ, ಹೀಗೆ ಎಲ್ಲರ ಕಣ್ಣಿಗೆ ಬೀಳುವ ಗೋಡೆಗಳ ಮೇಲೆ, ಆ ಊರಿನ ಕುಟುಂಬಗಳು ಹೇಳಿದ ಮನೆಯ ಕಥೆಗಳನ್ನು ಆಧರಿಸಿ ಊರವರ ಜೊತೆಗೂಡಿ ಚಿತ್ರ ಬರೆಯುವ ಕೆಲಸದಲ್ಲಿ ನಾನು ತೊಡಗಿಕೊಂಡಿದ್ದೇನೆ. ಈ ಕೆಲಸದ ಮಾತು ಬಂದಾಗಲೆಲ್ಲ, ಎದುರಿಗಿರುವವರು ಪಂಚಾಯಿತಿ ಸದಸ್ಯರಾಗಿರಲಿ, ಮುಖ್ಯೋಪಾಧ್ಯಾಯರಾಗಿರಲಿ, ಬಣ್ಣದ ಖರ್ಚು ಕೊಡಲು ಮುಂದೆ ಬಂದವರಾಗಿರಲಿ, ಕೇಳುವ ಪ್ರಶ್ನೆ ಒಂದೇ: ‘ಒಳ್ಳೆಯ ಕಲಾವಿದರೊಬ್ಬರನ್ನು ಕರೆಸಿದರೆ ನಾಲ್ಕು ದಿನದಲ್ಲಿ ಚೆಂದದ ಚಿತ್ರ ಬರೆದುಕೊಡುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ಮನೆಮನೆಗೆ ಹೋಗಿ ಕಥೆ ಕೇಳುವುದು ಯಾತಕ್ಕೆ?’

ಗೋಡೆಯ ಒಡೆತನ ಸರ್ಕಾರದ್ದೋ ಸಂಸ್ಥೆಯದ್ದೋ ಆಗಿರುತ್ತದೆ, ಆದರೆ ಅದನ್ನು ಬೆಳಗು ಬೈಗು ನೋಡುತ್ತ ಬದುಕುವವರು ಆ ಬೀದಿಯವರು. ಅವರನ್ನು ಒಂದು ಮಾತೂ ಕೇಳದೆ ಬರೆದ ಚಿತ್ರ ಎಷ್ಟೇ ಅಂದವಾಗಿದ್ದರೂ ಗೋಡೆಯ ಒಡೆಯರು ಹೊರಡಿಸಿದ ಪ್ರಕಟಣೆಯಾಗಿಯೇ ಉಳಿಯುತ್ತದೆ. ಕೇಳುವ ಕೆಲಸವೇ ಈ ಕಲೆಯ ಮುಕ್ಕಾಲು ಪಾಲು ಎಂಬುದು ನನ್ನ ನಂಬಿಕೆ. ಈ ನಂಬಿಕೆಗೆ ನನ್ನ ಅನುಭವ ಒಂದು ಆಧಾರವಾದರೆ, ಅದಕ್ಕಿಂತ ದೊಡ್ಡ ಆಧಾರ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಐವತ್ತು ವರ್ಷಗಳ ಹಿಂದೆ ಆರಂಭವಾದ ಒಂದು ಗೋಡೆಚಿತ್ರ.

ಆ ನಗರದ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ಟುಹುಂಗಾ ವಾಶ್ ಎಂಬ ಹೊಳೆಯಿದೆ. ನೆರೆ ತಡೆಯುವ ಉದ್ದೇಶದಿಂದ ಅಮೆರಿಕದ ಸೇನೆಯ ಎಂಜಿನಿಯರುಗಳ ದಳ ಆ ಹೊಳೆಯನ್ನು ಕಾಂಕ್ರೀಟಿನ ಕಾಲುವೆಯನ್ನಾಗಿ ಮಾಡಿತ್ತು. 1974ರಲ್ಲಿ ಅದೇ ದಳದವರು ಕಾಲುವೆಯ ಬೋಳು ಗೋಡೆಯನ್ನು ಅಂದಗಾಣಿಸುವ ಯೋಚನೆಯಿಂದ ಜುಡಿತ್ ಬಾಕಾ ಎಂಬ ಕಲಾವಿದೆಯನ್ನು ಸಂಪರ್ಕಿಸಿದರು. ಮೆಕ್ಸಿಕನ್ ಮೂಲದ ಕುಟುಂಬದಲ್ಲಿ ಹುಟ್ಟಿ ಅದೇ ನಗರದಲ್ಲಿ ಬೆಳೆದ ಬಾಕಾ ಅವರು ಅಂದಗಾಣಿಸುವ ಕೆಲಸವನ್ನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಪಠ್ಯಪುಸ್ತಕಗಳಲ್ಲಿ ಸ್ಥಾನ ಸಿಗದ ಜನರ ಕಣ್ಣಿನಿಂದ ಕಂಡ ಕ್ಯಾಲಿಫೋರ್ನಿಯಾದ ಚರಿತ್ರೆಯನ್ನು ಅಲ್ಲಿ ಬರೆಯಲು ನಿರ್ಧರಿಸಿದರು. 1976ರ ಬೇಸಿಗೆಯಲ್ಲಿ ಸುಮಾರು ಎಂಬತ್ತು ಮಂದಿ ಹದಿಹರೆಯದವರೊಂದಿಗೆ ಕೆಲಸ ಶುರುವಾಯಿತು; ಅವರಲ್ಲಿ ಅನೇಕರು ಪೊಲೀಸು, ಬಾಲನ್ಯಾಯಾಲಯ ಎಂದು ಅಲೆದಿದ್ದ ಬಡ ಮನೆಗಳ ಮಕ್ಕಳು. ಮಳೆಗಾಲದಲ್ಲಿ ಕಾಲುವೆಗೆ ನೀರು ಬರುವುದರಿಂದ ಬೇಸಿಗೆಯಲ್ಲಷ್ಟೇ ಅದರೊಳಗೆ ಇಳಿಯಲು ಸಾಧ್ಯವಿತ್ತು. ಹೀಗೆ ಬಿಟ್ಟು ಬಿಟ್ಟು ಬಂದ ಬೇಸಿಗೆಗಳಲ್ಲಿ, 1984ರ ಹೊತ್ತಿಗೆ, ಹದಿಮೂರೂವರೆ ಅಡಿ ಎತ್ತರದ ಚಿತ್ರ 2,754 ಅಡಿ ಉದ್ದಕ್ಕೆ ಬೆಳೆಯಿತು. ಒಟ್ಟು ನಾನೂರಕ್ಕೂ ಹೆಚ್ಚು ಮಕ್ಕಳ ಕೈ ಅದರಲ್ಲಿ ಸೇರಿತು. ‘ಗ್ರೇಟ್ ವಾಲ್ ಆಫ್ ಲಾಸ್ ಏಂಜಲೀಸ್’ ಎಂದು ಹೆಸರಾದ ಈ ಗೋಡೆ 2017ರಲ್ಲಿ ಆ ದೇಶದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.

ಉದ್ದ, ಅಗಲ, ಪಟ್ಟಿ ಇವೆಲ್ಲ ಹೇಳಬೇಕಾದ ವಿವರಗಳೇ. ಆದರೆ ಆ ಗೋಡೆಯ ನಿಜವಾದ ಶಕ್ತಿ ಅದರ ವಿನ್ಯಾಸ ಹುಟ್ಟಿದ ರೀತಿಯಲ್ಲಿದೆ. ಬಾಕಾ ಅವರು ಇತಿಹಾಸಕಾರರನ್ನು ಕರೆಸಿ ಮಾತನಾಡಿಸಿದರು. ಬರೆಯಬೇಕಾಗಿದ್ದ ಕಾಲವನ್ನು ಸ್ವತಃ ಬಾಳಿದ ಹಿರಿಯರಿಂದ ಅವರ ಅನುಭವವನ್ನು ಹೇಳಿಸಿದರು. ಕೇಳಿದ್ದನ್ನು ಚಿತ್ರಕ್ಕೆ ಇಳಿಸಿದವರಲ್ಲಿ ಆ ಮಕ್ಕಳೂ ಇದ್ದರು. ಕೇಳುವ ಕೆಲಸ ಎಲ್ಲಿಗೆ ಕರೆದೊಯ್ಯಬಲ್ಲದು ಎಂಬುದಕ್ಕೆ 1950ರ ದಶಕವನ್ನು ಕುರಿತ ಒಂದು ಭಾಗ ಸಾಕು. ಲಾಸ್ ಏಂಜಲೀಸಿನಲ್ಲಿ ಚಾವೆಸ್ ರವೀನ್ ಎಂಬ ಕಣಿವೆಯಿತ್ತು. ಪಾಲೊ ವೆರ್ದೆ, ಲಾ ಲೋಮಾ, ಬಿಷಪ್ ಎಂಬ ಮೂರು ಕೇರಿಗಳಲ್ಲಿ ಬಹುತೇಕ ಮೆಕ್ಸಿಕನ್ ಮೂಲದ ನೂರಾರು ಕುಟುಂಬಗಳು ಅಲ್ಲಿ ಬದುಕಿದ್ದವು. ಸಾರ್ವಜನಿಕ ವಸತಿ ಸಮುಚ್ಚಯ ಕಟ್ಟುವುದಾಗಿ ಹೇಳಿ 1950ರಲ್ಲಿ ಅವರಿಗೆ ಜಾಗ ಬಿಡುವಂತೆ ಪತ್ರ ಬಂತು. ಹೆಚ್ಚಿನವರು ಹೊರಟುಹೋದ ಮೇಲೆ ಆ ಯೋಜನೆಯೇ ರದ್ದಾಗಿ, ಜಾಗ ಬೇಸ್‌ಬಾಲ್ ತಂಡವೊಂದರ ಪಾಲಾಯಿತು. ಕೊನೆಯವರೆಗೂ ಮನೆ ಬಿಡದೆ ಉಳಿದವರನ್ನು 1959ರ ಮೇ 8ರಂದು ಬಲವಂತವಾಗಿ ಹೊರಗೆ ಹೊತ್ತು ತಂದು, ಅವರ ಕಣ್ಣೆದುರೇ ಮನೆ ಕೆಡವಲಾಯಿತು. 1962ರಲ್ಲಿ ಅಲ್ಲಿ ಡಾಜರ್ ಕ್ರೀಡಾಂಗಣ ಆರಂಭವಾಯಿತು.

ಗೋಡೆಯ ಮೇಲೆ ಆ ಕ್ರೀಡಾಂಗಣ ಬಾನಿನಿಂದ ಇಳಿಯುತ್ತಿರುವ ಅನ್ಯಲೋಕದ ನೌಕೆಯಾಗಿ ಕಾಣುತ್ತದೆ. ಅದರ ಪಕ್ಕದಲ್ಲೇ ಹೆದ್ದಾರಿಗಳು ಹೆಬ್ಬಾವಿನ ಹಾಗೆ ಬಳಸಿ ಬಂದು ಒಂದೇ ಮನೆಯ ಜನರನ್ನು ಸುತ್ತಿಕೊಂಡು ಒಬ್ಬರಿಂದೊಬ್ಬರನ್ನು ಬೇರೆ ಮಾಡಿವೆ. ನಗರದ ಹೊಸ ರಸ್ತೆಗಳು ಹಳೆಯ ಕೇರಿಗಳನ್ನು ಸೀಳಿಕೊಂಡು ಹೋದದ್ದು ಹೀಗೆ ಚಿತ್ರವಾಗಿದೆ. ನಗರಾಭಿವೃದ್ಧಿಯ ಕಡತಗಳಲ್ಲಿ ಇದೇ ಸಂಗತಿ ಎಕರೆ, ಪರಿಹಾರ, ರಸ್ತೆಯ ಅಗಲ ಎಂಬ ಲೆಕ್ಕವಾಗಿ ದಾಖಲಾಗುತ್ತದೆ. ಕ್ರೀಡಾಂಗಣ ಮೇಲಿನಿಂದ ತಮ್ಮ ಮನೆಯ ಮೇಲೆ ಇಳಿಯಿತು ಎಂಬ ನೋಟ, ಆ ಮನೆಯೊಳಗಿದ್ದವರ ಕಡೆ ನಿಂತು ನೋಡಿದವರಿಗೆ ಮಾತ್ರ ಹೊಳೆಯುವಂಥದ್ದು. ಎಂಥ ನುರಿತ ಕಲಾವಿದರೇ ಆಗಲಿ, ಬರೀ ನಕ್ಷೆಯನ್ನು ಎದುರಿಗಿಟ್ಟುಕೊಂಡು ಅದನ್ನು ಬರೆಯಲಾರರು. ನಾಲ್ಕು ದಿನದ ಚಿತ್ರಕ್ಕೂ ತಿಂಗಳುಗಟ್ಟಲೆ ಕೇಳಿ ಬರೆದ ಚಿತ್ರಕ್ಕೂ ಇರುವ ವ್ಯತ್ಯಾಸವೆಂದು ನಾನು ಹೇಳುವುದು ಇದನ್ನೇ.

ಇದು ಅಮೆರಿಕದ ಮಾತಾಯಿತು, ನಮ್ಮಲ್ಲಿ ಇಂಥ ಕಥೆಗಳೆಲ್ಲಿವೆ ಎನ್ನುವವರಿಗೆ ಶರಾವತಿಯ ಹಿನ್ನೀರನ್ನು ತೋರಿಸಬೇಕಾಗುತ್ತದೆ. ನಾಡಿಗೆ ಬೆಳಕು ಕೊಟ್ಟ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಸಾಗರ, ಹೊಸನಗರ ಸೀಮೆಯ ಅನೇಕ ಹಳ್ಳಿಗಳು ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಆ ನೀರಿನೊಳಗೆ ಸೇರಿಹೋಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದು ತಲೆಯೆತ್ತುತ್ತದೆ. ಅಲ್ಲಿಂದ ಎದ್ದು ಬಂದ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ, ಪುನರ್ವಸತಿಯೆಂದು ಕೊಟ್ಟ ಭೂಮಿಯ ಹಕ್ಕಿನ ಪ್ರಶ್ನೆ ಎರಡು ತಲೆಮಾರು ಕಳೆದರೂ ಬಗೆಹರಿದಿಲ್ಲ. ಬಾಗಲಕೋಟೆಯನ್ನು ನೋಡಿ: ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗಗಳನ್ನು ಬಿಟ್ಟುಕೊಟ್ಟವರು ನವನಗರದಲ್ಲಿ ಇಂದು ಸೆಕ್ಟರ್ ಸಂಖ್ಯೆಯ ವಿಳಾಸದಲ್ಲಿ ಬದುಕುತ್ತಿದ್ದಾರೆ. ಓಣಿಯ ಹೆಸರು ಹೇಳಿ ಮನೆ ತೋರಿಸುತ್ತಿದ್ದವರಿಗೆ ಸಂಖ್ಯೆ ಹೇಳುವ ಕಾಲ ಬಂತೆಂದರೆ, ಆ ಊರಿನ ಗೋಡೆಗಳಿಗೆ ಬರೆಯಲು ವಿಷಯದ ಬರವಿದೆಯೆಂದು ನನಗನ್ನಿಸುವುದಿಲ್ಲ.

ಗೋಡೆಯ ಮೇಲೆ ಬರೆಯುವುದೂ ಮಲೆನಾಡಿನವರಿಗೆ ಹೊಸತಲ್ಲ. ದೀವರ ಸಮುದಾಯದ ಹೆಣ್ಣುಮಕ್ಕಳು ಅಕ್ಕಿಯ ಹಿಟ್ಟಿನ ಬಿಳಿ, ಕೆಮ್ಮಣ್ಣು, ಹುರಿದು ಕಪ್ಪಾಗಿಸಿದ ಅಕ್ಕಿಯ ಬಣ್ಣ, ಗುರಿಗೆಯ ಹಳದಿ ಇಟ್ಟುಕೊಂಡು, ಪುಂಡಿ ನಾರಿನ ಕುಂಚದಿಂದ ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತ ಬಂದಿದ್ದಾರೆ. ಆ ಗೆರೆಗಳಲ್ಲಿ ಮನೆಯ ಮಂಗಳವಿದೆ, ವಧೂವರರಿದ್ದಾರೆ. ಸಾರ್ವಜನಿಕ ಗೋಡೆಗಳಿಗೆ ಚಿತ್ತಾರವನ್ನು ಬರೀ ಅಂಚಿನ ಅಲಂಕಾರವಾಗಿ ಬಳಸಿ, ಅದನ್ನು ಬಲ್ಲ ಹೆಂಗಸರನ್ನು ಮಾತ್ರ ದೂರ ನಿಲ್ಲಿಸುವ ಪದ್ಧತಿಯನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಕೇಳುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ‘ನಿಮಗೆ ಮನೆ ಅಂದರೇನು?’ ಎಂದು ಕೇಳಿದರೆ ಯಾರೂ ಮಾತನಾಡುವುದಿಲ್ಲ, ಅಥವಾ ಭಾಷಣದಂಥ ಎರಡು ಮಾತು ಹೇಳಿ ಸುಮ್ಮನಾಗುತ್ತಾರೆ. ಒಲೆ ಎಲ್ಲಿತ್ತು, ಬಚ್ಚಲು ಯಾವ ಕಡೆಗಿತ್ತು, ಬಾವಿಯಿಂದ ನೀರು ತರುವ ದಾರಿಯಲ್ಲಿ ಯಾರ ಮನೆ ಸಿಗುತ್ತಿತ್ತು ಎಂದು ಕೇಳಿದರೆ ಎಂಬತ್ತು ದಾಟಿದವರೂ ಎದ್ದು ಬಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಕೇಳಿದ್ದನ್ನು ಕರಡು ಚಿತ್ರವಾಗಿಸಿ ಮತ್ತೆ ಅದೇ ಜಗಲಿಗೆ ಒಯ್ದು ತೋರಿಸುವುದು ಎರಡನೆಯ ಹಂತ. ಬಹಳ ಮಂದಿ ಈ ಹಂತವನ್ನು ಬಿಟ್ಟುಬಿಡುತ್ತಾರೆ.

ಹಿನ್ನೀರಿನ ಕಡೆಯಿಂದ ಎದ್ದು ಬಂದ ಕುಟುಂಬಗಳಿರುವ ಒಂದು ಹಳ್ಳಿಯಲ್ಲಿ ನಮ್ಮ ತಂಡದ ಯುವ ಕಲಾವಿದರು ಹಳೆಯ ಮನೆಯ ಕರಡನ್ನು ಬಲು ಮುದ್ದಾಗಿ ಬರೆದಿದ್ದರು: ಕೆಂಪು ಹಂಚಿನ ಮಾಡು, ಅಂಗಳ, ತುಳಸಿಕಟ್ಟೆ. ಅಜ್ಜಿಯೊಬ್ಬರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ‘ನಮ್ಮನೆಗೆ ಹಂಚೆಲ್ಲಿತ್ತು ತಮ್ಮಾ? ಸೋಗೆ ಮನೆ ಅದು. ಹಂಚು ಹಾಕಿಸಿದ್ದು ಇಲ್ಲಿಗೆ ಬಂದ್ಮೇಲೆ’ ಎಂದರು. ಅಲ್ಲಿಂದ ಮಾತು ಸೋಗೆ ಹೊದೆಸುವ ಕೆಲಸಕ್ಕೆ ಹೊರಳಿತು. ಅಡಕೆಯ ಸೋಗೆಯ ಹೊದಿಕೆಯನ್ನು ಮಳೆಗಾಲಕ್ಕೆ ಮೊದಲು ಹೊಸದಾಗಿ ಹೊದೆಸಬೇಕಿತ್ತಂತೆ. ಅದು ಒಂದು ಮನೆಯವರಿಂದ ಆಗುವ ಕೆಲಸವಲ್ಲವಾದ್ದರಿಂದ ನೆರೆಯವರು ಮುಯ್ಯಾಳಾಗಿ ಬರುತ್ತಿದ್ದರು, ಕೆಳಗಿನಿಂದ ಒಬ್ಬರು ಕಟ್ಟು ಎಸೆದರೆ ಮೇಲಿದ್ದವರು ಹಿಡಿಯುತ್ತಿದ್ದರು, ಮಧ್ಯಾಹ್ನದ ಊಟ ಆ ಮನೆಯಲ್ಲೇ ಆಗುತ್ತಿತ್ತು. ಹೊಸ ಜಾಗಕ್ಕೆ ಬಂದಾಗ ಆ ನೆರೆಯವರೆಲ್ಲ ಬೇರೆ ಬೇರೆ ದಿಕ್ಕಿಗೆ ಚದುರಿಹೋಗಿದ್ದರು. ಹಂಚಿನ ಜಾಗಕ್ಕೆ ಸೋಗೆಯನ್ನು ತಿದ್ದಿ ಸುಮ್ಮನಾಗಬಹುದಿತ್ತು, ಆದರೆ ಅಜ್ಜಿಯ ಮಾತಿನಿಂದ ಚಿತ್ರದ ಕೇಂದ್ರವೇ ಬದಲಾಯಿತು. ಮನೆ ಹಿಂದಕ್ಕೆ ಸರಿದು, ಮಾಡಿನ ಮೇಲೆ ಸಾಲಾಗಿ ಕುಳಿತ ಜನ, ಗಾಳಿಯಲ್ಲಿರುವ ಸೋಗೆಯ ಕಟ್ಟು, ಕೆಳಗೆ ಮೇಲೆತ್ತಿದ ಕೈಗಳು ಮುಂದಕ್ಕೆ ಬಂದವು. ಆ ಕುಟುಂಬಗಳು ಕಳೆದುಕೊಂಡದ್ದರಲ್ಲಿ ಕಟ್ಟಡಕ್ಕಿಂತ ದೊಡ್ಡದು ಯಾವುದು ಎಂಬುದು ಹಂಚಿನ ಮನೆಯ ಚಿತ್ರದಲ್ಲಿ ಯಾರಿಗೂ ಕಾಣುತ್ತಿರಲಿಲ್ಲ.

ಒಂದೇ ಊರಿನಲ್ಲಿ ಎಲ್ಲರ ಮನೆಯ ನೆನಪೂ ಒಂದೇ ಆಗಿರುವುದಿಲ್ಲ. ಹಿರಿಯರ ಮನೆ ನೀರಿನಡಿಯಲ್ಲಿದ್ದರೆ, ಹಿನ್ನೀರಿನಾಚೆಯ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳಿಗೆ ಮನೆಯೆಂದರೆ ಲಾಂಚ್ ಹತ್ತಿ ದಾಟಿ ತಲುಪುವ ದಡ. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಲಾಂಚಿನ ಕಾಯುವಿಕೆಯೂ ಹಳೆಯ ಕಥೆಯಾಗುತ್ತಿದೆ. ಇಂಥ ಸಂದರ್ಭದಲ್ಲಿ ಯಾರ ಮನೆ ಗೋಡೆಗೆ ಬರಬೇಕು ಎಂಬ ವಾದ ಏಳುತ್ತದೆ, ಏಳಲೇಬೇಕು. ಆ ವಾದವನ್ನು ಕಲಾವಿದರು ತಮ್ಮ ಕೋಣೆಯಲ್ಲಿ ಕುಳಿತು ತೀರ್ಮಾನಿಸಕೂಡದು. ಗೋಡೆಯ ಮುಂದೆ, ಊರವರೆಲ್ಲ ಸೇರಿದ ಸಭೆಯಲ್ಲಿ ಅದು ನಡೆಯಬೇಕು.

ಗೋಡೆಗೆ ದುಃಖ ಬೇಡ, ಸಂತೋಷದ ಚಿತ್ರವೇ ಇರಲಿ ಎಂಬ ಸಲಹೆಯೂ ಆಗಾಗ ಬರುತ್ತದೆ. ಲಾಸ್ ಏಂಜಲೀಸಿನ ಗೋಡೆಯಲ್ಲಿ 1930ರ ದಶಕದಲ್ಲಿ ಮೆಕ್ಸಿಕನ್ ಮೂಲದ ಕುಟುಂಬಗಳನ್ನು ರೈಲು ಹತ್ತಿಸಿ ಗಡಿಯಾಚೆ ಕಳಿಸಿದ್ದೂ ಇದೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿದ್ದೂ ಇದೆ. ಅವನ್ನು ಬಿಟ್ಟು ಬರೆದಿದ್ದರೆ ಆ ಗೋಡೆ ಯಾರ ಮನೆಯದ್ದೂ ಆಗುತ್ತಿರಲಿಲ್ಲ. ಹಾಗೆಂದು ದುಃಖವನ್ನು ಕೆದಕಿ ತೆಗೆಯುವ ಹಕ್ಕು ನಮಗಿಲ್ಲ. ಹೇಳಿದ್ದೆಲ್ಲವನ್ನೂ ಗೋಡೆಗೆ ತರಬೇಕೆಂಬ ನಿಯಮವೂ ಇಲ್ಲ. ಮಗನೊಬ್ಬ ತೀರಿಕೊಂಡದ್ದು, ಪಾಲಿನ ಜಗಳ, ಪರಿಹಾರದ ಹಣ ಕೈತಪ್ಪಿದ್ದು ಇವನ್ನು ನಂಬಿಕೆಯಿಂದ ಹೇಳಿಕೊಂಡವರು ಮಾರನೆಯ ದಿನ ‘ಅದು ಬೇಡ’ ಎಂದರೆ, ಚಿತ್ರ ಅರ್ಧ ಮುಗಿದಿದ್ದರೂ ಅದನ್ನು ತೆಗೆಯಲೇಬೇಕು. ಕಥೆ ಹೇಳಿದವರಿಗೆ ಅದನ್ನು ಹಿಂದಕ್ಕೆ ಪಡೆಯುವ ಅಧಿಕಾರವಿಲ್ಲದಿದ್ದರೆ ಇಡೀ ಕೆಲಸ ಬಡವರ ಬದುಕನ್ನು ಪ್ರದರ್ಶನಕ್ಕಿಡುವುದಾಗುತ್ತದೆ.

ಊರವರೆಲ್ಲ ಕುಂಚ ಹಿಡಿದರೆ ಚಿತ್ರ ಕೆಡುವುದಿಲ್ಲವೇ ಎಂಬ ಆತಂಕಕ್ಕೆ ಉತ್ತರ ಸುಲಭ. 1984ರಲ್ಲಿ ಆರಂಭವಾದ ಫಿಲಡೆಲ್ಫಿಯಾ ನಗರದ ಗೋಡೆಚಿತ್ರ ಕಾರ್ಯಕ್ರಮದಲ್ಲಿ ದೊಡ್ಡ ಚಿತ್ರವನ್ನು ಸುಮಾರು ಐದಡಿ ಚೌಕದ ತೆಳು ಬಟ್ಟೆಯ ತುಂಡುಗಳಾಗಿ ವಿಂಗಡಿಸಿ, ಗೆರೆ ಹಾಕಿ, ಪ್ರತಿ ಭಾಗಕ್ಕೂ ಬಣ್ಣದ ಸಂಖ್ಯೆ ಗುರುತಿಸಿ ಕೊಡುತ್ತಾರೆ. ಏಣಿ ಹತ್ತಲಾರದ ವೃದ್ಧರೂ ಚಿಕ್ಕ ಮಕ್ಕಳೂ ಮೇಜಿನ ಮುಂದೆ ಕುಳಿತು ತುಂಬಿಸಬಹುದು. ಆಮೇಲೆ ತುಂಡುಗಳನ್ನು ಗೋಡೆಗೆ ಅಂಟಿಸಿ ಕಲಾವಿದರು ಒಪ್ಪ ಮಾಡುತ್ತಾರೆ. ನಮ್ಮ ಮಲೆನಾಡಿನ ಮಳೆಗೆ ಅಂಟಿಸಿದ್ದು ನಿಲ್ಲುವುದು ಕಷ್ಟವೆಂದು ನಾವು ನೇರವಾಗಿ ಗೋಡೆಗೇ ಬರೆಯುತ್ತೇವೆ. ಮಳೆ ನಿಂತು ಗೋಡೆ ಪೂರ್ತಿ ಒಣಗಿದ ಮೇಲೆ ಹಾವಸೆ ಉಜ್ಜಿ ತೆಗೆದು, ಬಿರುಕಿಗೆ ಗಾರೆ ತುಂಬಿ, ಪ್ರೈಮರ್ ಹಚ್ಚುವ ಕೆಲಸದಲ್ಲೂ ಊರವರು ಇರುತ್ತಾರೆ. ಕೈಯ ನಯಕ್ಕಾಗಿ ಕಲಾವಿದರು ಬೇಕೇ ಬೇಕು, ಅವರಿಗೆ ಸರಿಯಾದ ಸಂಭಾವನೆಯೂ ಬೇಕು. ಅದನ್ನು ಸೇವೆಯೆಂದು ಪುಕ್ಕಟೆ ಮಾಡಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಬಣ್ಣ ಮಾಸುತ್ತದೆ, ಅದಕ್ಕೇನು ಮಾಡುತ್ತೀರಿ ಎಂದೂ ಕೇಳುತ್ತಾರೆ. ಲಾಸ್ ಏಂಜಲೀಸಿನ ಗೋಡೆಯೂ ಮಾಸಿತ್ತು. 2011ರಲ್ಲಿ ಅದನ್ನು ಮತ್ತೆ ಸರಿಪಡಿಸಿದರು, ಈಗ 1960ರ ದಶಕದಿಂದ ಮುಂದಿನ ಕಥೆಗಳೊಂದಿಗೆ ಅದನ್ನು ಮುಂದುವರಿಸುವ ಕೆಲಸ ನಡೆದಿದೆ. ನಮ್ಮ ಒಪ್ಪಂದದಲ್ಲಿ ಮೂರು ಮಾತುಗಳನ್ನು ಮೊದಲೇ ಬರೆಸಿಕೊಳ್ಳುತ್ತೇವೆ: ಊರವರನ್ನು ಕೇಳದೆ ಚಿತ್ರದ ಮೇಲೆ ಸುಣ್ಣ ಬಳಿಯಬಾರದು, ಮತ್ತೆ ಬರೆಯುವ ಕಾಲ ಬಂದಾಗ ಹೊಸ ಕಥೆ ಸೇರಬೇಕೇ ಎಂಬುದನ್ನು ಊರ ಸಭೆಯೇ ನಿರ್ಧರಿಸಬೇಕು, ಮತ್ತು ಧ್ವನಿಮುದ್ರಿಸಿಕೊಂಡ ಮಾತುಗಳ ಒಂದೊಂದು ಪ್ರತಿ ಹೇಳಿದ ಮನೆಯವರಿಗೆ ಸೇರಬೇಕು. ಈ ಮೂರಕ್ಕೂ ಸಹಿ ಹಾಕಲು ಒಪ್ಪುವವರ ಗೋಡೆಯನ್ನಷ್ಟೇ ನಾವು ಕೈಗೆತ್ತಿಕೊಳ್ಳುತ್ತೇವೆ.