ಗುಂಡಿ ತಪ್ಪಿದ ಅಜ್ಜ ಮತ್ತು ನನ್ನ 35 ಎಂಎಂ

ಬೀದಿ ಫೋಟೋಗ್ರಫಿ ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು ಒಂದು 70-200 ಎಂಎಂ ಎಫ್/2.8 ಝೂಮ್ ಲೆನ್ಸ್. (ಎಂಎಂ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತೆ, ಬೆಳಕು ಹೆಚ್ಚು, ಹಿಂದೆ ಮುಂದೆ ಮಸುಕೂ ಹೆಚ್ಚು.) ಹತ್ತಿರ ಹತ್ತಿರ ಒಂದೂವರೆ ಕೆಜಿ. ಕುತ್ತಿಗೆಗೆ ನೇತುಹಾಕಿಕೊಂಡು ಎರಡು ಗಂಟೆ ಸುತ್ತಿದರೆ ಸಂಜೆಗೆ ನಾನೇ ಮುದುಕ. ಆದರೂ ಅದನ್ನೇ ಹೊತ್ತು ತಿರುಗುತ್ತಿದ್ದೆ, ಭಯದಿಂದ. ರಸ್ತೆಯ ಈಚೆ ನಿಂತು, ಆಚೆ ಬೆಂಚಿನ ಮೇಲೆ ಕೂತ ವಯಸ್ಸಾದವರ ಮುಖ ಕದಿಯಬಹುದಲ್ವಾ? ಕೇಳೋರಿಲ್ಲ, ಬೈಯೋರಿಲ್ಲ.

ಒಂದು ವರ್ಷ ಹೀಗೆ ತೆಗೆದದ್ದನ್ನೆಲ್ಲ ಒಂದು ದಿನ ಒಟ್ಟಿಗೆ ಹರಡಿಕೊಂಡು ನೋಡಿದೆ. ಎಲ್ಲಾ ಒಂದೇ ಥರ. ಸುಕ್ಕು ಬಿದ್ದ ಮುಖ, ಹಿಂದೆ ಮಸುಕು, ಕಪ್ಪು ಬಿಳುಪು. ಸಾಲದ್ದಕ್ಕೆ ಎಡಿಟ್ ಮಾಡುವಾಗ ಕ್ಲ್ಯಾರಿಟಿ ಸ್ಲೈಡರ್ ಎಳೆದು ಸುಕ್ಕನ್ನು ಇನ್ನೂ ಆಳ ಮಾಡಿದ್ದೆ. ಆ ಅಜ್ಜಿ ಯಾರಿಗಾಗಿ ಕಾಯುತ್ತಿದ್ದರು, ಮಡಿಲಲ್ಲಿ ಏನಿತ್ತು, ಪಕ್ಕದಲ್ಲಿ ಯಾರಿದ್ದರು, ಒಂದೂ ಗೊತ್ತಾಗುವುದಿಲ್ಲ. ಒಂದು ಕಡೆಯಂತೂ ಸಾಲಾಗಿ ತೆಗೆದ ನಾಲ್ಕರಲ್ಲಿ ಕೊನೆಯದರಲ್ಲಿ ಅಜ್ಜ ಲೆನ್ಸನ್ನೇ ದಿಟ್ಟಿಸುತ್ತಿದ್ದಾರೆ. ಉಳಿದ ಮೂರನ್ನು ದೊಡ್ಡದು ಮಾಡಿ ನೋಡಿದೆ. ಅವುಗಳಲ್ಲೂ ಕಣ್ಣು ನನ್ನ ಮೇಲೇ. ತಲೆ ಮಾತ್ರ ಬೇರೆ ಕಡೆ ತಿರುಗಿತ್ತು. ಕದ್ದು ತೆಗೀತಿದ್ದೀನಿ ಅಂದುಕೊಂಡಿದ್ದವನು ನಾನೊಬ್ಬನೇ.

ಆಮೇಲೆ ದೂರದ ಲೆಕ್ಕ ಹಾಕೋಕೆ ಶುರು ಮಾಡಿದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ನಿಂತವರನ್ನು ತಲೆಯಿಂದ ಪಾದದವರೆಗೆ ತೆಗೆಯಬೇಕಾದರೆ 200 ಎಂಎಂನಲ್ಲಿ ಸುಮಾರು 11 ಮೀಟರ್ ದೂರ ಬೇಕು. 85ರಲ್ಲಿ ಐದಕ್ಕೆ ಸ್ವಲ್ಪ ಕಡಿಮೆ. 50ರಲ್ಲಿ ಮೂರರ ಹತ್ತಿರ. 35ರಲ್ಲಿ ಎರಡೇ ಮೀಟರ್. ಎರಡು ಮೀಟರ್‌ನಲ್ಲಿ ಅವರು ಗೊಣಗುವುದು ನಮಗೆ ಕೇಳುತ್ತೆ, ನಾವು ಕ್ಲಿಕ್ ಮಾಡಿದ್ದು ಅವರಿಗೂ ಕೇಳುತ್ತೆ.

85 ಎಫ್/1.8 ತಗೋ ಅಂತ ಎಲ್ಲರೂ ಹೇಳಿದರು. ತಗೊಂಡೆ. ಒಳ್ಳೆಯ ಲೆನ್ಸೇ, ನನಗೆ ಒಗ್ಗಲಿಲ್ಲ. ಎರಡು ಮೀಟರ್‌ನಲ್ಲಿ ಪೂರ್ತಿ ತೆರೆದರೆ ಆರು ಸೆಂಟಿಮೀಟರ್ ಆಳ ಮಾತ್ರ ಶಾರ್ಪ್. ಕಣ್ಣು ಬಂದರೆ ಕಿವಿ ಇಲ್ಲ. ವಯಸ್ಸಾದವರ ಚಿತ್ರದಲ್ಲಿ ನನಗೆ ಮುಖದಷ್ಟೇ ಮುಖ್ಯ ಕೈ. ಕೋಲಿನ ಹಿಡಿಯ ಮೇಲೆ ಒಂದರ ಮೇಲೊಂದು ಇಟ್ಟ ಕೈಗಳು ಮುಖಕ್ಕಿಂತ ಒಂದಡಿ ಮುಂದಿರುತ್ತವೆ. ಅವೇ ಮಸುಕಾದರೆ ಏನು ಬಂತು?

ಈಗ ನನ್ನ ಕ್ಯಾಮೆರಾದಲ್ಲಿ ಇರೋದು 35. ಅದಕ್ಕಿಂತ ಚಿಕ್ಕ ಎಪಿಎಸ್-ಸಿ ಸೆನ್ಸರ್ ಇದ್ದವರಿಗೆ 23 ಅದೇ ಕೆಲಸ ಮಾಡುತ್ತೆ. ಹಗಲಲ್ಲಿ ಎಫ್/8ಕ್ಕೆ ಇಟ್ಟು, ಫೋಕಸ್ಸನ್ನು ಎರಡೂವರೆ ಮೀಟರ್‌ಗೆ ಕೈಯಾರೆ ನಿಲ್ಲಿಸಿಬಿಡುತ್ತೇನೆ. ಸುಮಾರು 1.7 ಮೀಟರ್‌ನಿಂದ ಐದು ಮೀಟರ್‌ವರೆಗೆ ಎಲ್ಲಾ ಸ್ಪಷ್ಟ. ಕೈ, ಕೋಲು, ಪಕ್ಕದಲ್ಲಿ ಕೂತ ಗೆಳೆಯ, ಎಲ್ಲಾ ಬರುತ್ತೆ. ಶಟರ್ 1/250 ಸೆಕೆಂಡ್. ವಯಸ್ಸಾದವರು ನಿಧಾನ, 1/60 ಸಾಕು ಅಂದುಕೊಂಡು ಎಷ್ಟೋ ಹಾಳು ಮಾಡಿದ್ದೇನೆ. ನಡಿಗೆ ನಿಧಾನ ನಿಜ. ಇಬ್ಬರು ಮಾತಿಗೆ ಕೂತಾಗ ಕೈ ನೋಡಬೇಕು!

35ರದ್ದೂ ತಕರಾರು ಇದೆ. ಆಸೆಗೆ ಬಿದ್ದು ಒಂದು ಮೀಟರ್‌ಗಿಂತ ಹತ್ತಿರ ಹೋದರೆ ಮೂಗು ಊದುತ್ತೆ. ಅದು ಲೆನ್ಸಿನ ತಪ್ಪಲ್ಲ, ಹತ್ತಿರ ಹೋದವನದ್ದು. ಫ್ರೇಮಿನ ಅಂಚಿಗೆ ಬಂದ ಮುಖವೂ ಎಳೆದ ಹಾಗಾಗುತ್ತೆ. ಇನ್ನು ನಿದ್ದೆ ಹೋದವರು, ದಾರಿ ತಪ್ಪಿ ಗಾಬರಿಯಾದವರು ಕಂಡರೆ ಯಾವ ಲೆನ್ಸಿದ್ದರೂ ನಾನು ತೆಗೆಯುವುದಿಲ್ಲ.

ಒಂದು ಸಂಜೆ ಬಸ್ಸಿಗೆ ಕಾಯುವವರ ನಡುವೆ ಒಬ್ಬ ಅಜ್ಜ ಕೂತಿದ್ದರು. ಬೆಳಕು ಕಡಿಮೆ ಅಂತ ಎಫ್/4ಕ್ಕೆ ತೆರೆದಿದ್ದೆ. ಎಲ್‌ಇಡಿ ದೀಪದಲ್ಲಿ ಪಟ್ಟೆ ಪಟ್ಟೆ ಬರುತ್ತಿತ್ತು ಅಂತ ಸೈಲೆಂಟ್ ಶಟರ್ ಆಫ್ ಮಾಡಿದ್ದೆ. ಅವರ ಅಂಗಿಯ ಗುಂಡಿಗಳು ಒಂದೊಂದು ಕಾಜಾ ತಪ್ಪಿ, ಕಾಲರ್ ಒಂದು ಕಡೆ ಕಿವಿಯ ಹತ್ತಿರಕ್ಕೆ ಏರಿತ್ತು. ಮುಖದಲ್ಲಿ ಮಾತ್ರ ಜಡ್ಜ್ ಸಾಹೇಬರ ಗಾಂಭೀರ್ಯ. ಕ್ಲಿಕ್ ಮಾಡಿದೆ. ಅವರಿಗೆ ಕೇಳಿಸಿತು.

"ತೆಗೆದೆಯಾ? ತೋರಿಸು" ಅಂದರು. ಹಿಂದಿನ ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

"ಅಲ್ಲಯ್ಯಾ, ಗುಂಡಿ ತಪ್ಪಿದೆ ಅಂತ ಒಂದು ಮಾತು ಹೇಳಬಾರದಾ?"

ನನಗೆ ಉತ್ತರ ಹೊಳೆಯಲಿಲ್ಲ. ಆ ಗುಂಡಿಗಾಗಿಯೇ ತೆಗೆದದ್ದು ಅಂತ ಹೇಳೋದು ಹೇಗೆ? ಅವರು ಅಲ್ಲೇ ಬಿಚ್ಚಿ ಮತ್ತೆ ಹಾಕಿಕೊಳ್ಳೋಕೆ ಶುರು ಮಾಡಿದರು. ಬೆರಳು ಸರಿಯಾಗಿ ಬಾಗುತ್ತಿರಲಿಲ್ಲ. ನಾಲ್ಕು ಗುಂಡಿಗೆ ಎರಡು ಮೂರು ನಿಮಿಷ ಹಿಡಿಯಿತು. ನಾನು ಕ್ಯಾಮೆರಾ ಕೆಳಗಿಳಿಸಿ ಸುಮ್ನೆ ನಿಂತಿದ್ದೆ. ಕೊನೆಗೆ ಬೆನ್ನು ನೆಟ್ಟಗೆ ಮಾಡಿ, ತಲೆಗೂದಲು ನೀವಿಕೊಂಡು, "ಹೂಂ, ಈಗ ತೆಗಿ" ಅಂದರು.

ಎರಡನೆಯದರಲ್ಲಿ ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗಿದ್ದಾರೆ. ಅವರಿಗೆ ಅದೇ ಇಷ್ಟವಾಯಿತು. ಮುಂದಿನ ವಾರ ಅದನ್ನೇ ಪ್ರಿಂಟ್ ಹಾಕಿಸಿ ಅದೇ ಬೆಂಚಿಗೆ ತಗೊಂಡು ಹೋಗಿ ಕೊಟ್ಟೆ. ಫೋಟೋ ಅಂತ ನೋಡಿದರೆ ಮೊದಲನೆಯದೇ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಅದು ಹಾರ್ಡ್ ಡಿಸ್ಕಿನಲ್ಲಿದೆ. ಆಗಾಗ ತೆರೆದು ನೋಡುತ್ತೇನೆ. ಇಲ್ಲಿ ಮಾತ್ರ ಹಾಕಲ್ಲ.